ಪಿ.ಜೆ. ಬಡಾವಣೆಯಲ್ಲಿ ದಾರಿ ಕೇಳುತ್ತಾ...

ದಾವಣಗೆರೆಯ ರೈಲು ನಿಲ್ದಾಣದಿಂದ ಹೊರಬಂದು ಆಟೊ ಹತ್ತಿ ‘ಪಿ.ಜೆ. ಬಡಾವಣೆ’ ಎಂದರೆ ಗಾಡಿ ತಕ್ಷಣ ಹೊರಡುವುದಿಲ್ಲ. ಚಾಲಕ ಕತ್ತು ಹೊರಳಿಸಿ ಒಂದು ಮಾತು ಕೇಳಿಯೇ ಕೇಳುತ್ತಾನೆ: ‘ಪಿ.ಜೆ.ದಾಗ ಎಲ್ಲಿ ಬರ್ತೈತ್ರೀ? ರಾಂ ಅಂಡ್ ಕೋ ಕಡೆಗೋ, ಚರ್ಚ್ ರಸ್ತೆ ಕಡೆಗೋ?’ ಊರಿಗೆ ಹೊಸಬರು ‘ಆಸ್ಪತ್ರೆ ಹತ್ರ’ ಎನ್ನುತ್ತಾರೆ. ‘ಯಾವ ಆಸ್ಪತ್ರಿ?’ ಎಂಬ ಮರುಪ್ರಶ್ನೆ ಬರುತ್ತದೆ. ಡಾಕ್ಟರ ಹೆಸರು ಹೇಳಿದರೆ ‘ಎಷ್ಟನೇ ಮೇನು, ಎಷ್ಟನೇ ಕ್ರಾಸು?’ ಮೂರು ಪ್ರಶ್ನೆ, ಮೂರು ಉತ್ತರ. ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ.

ಈ ಪ್ರಶ್ನೆಗಳಿಂದ ಯಾರಿಗೂ ಅವಮಾನವಾಗುವುದಿಲ್ಲ. ಚಾಲಕನಿಗೆ ದಾರಿ ಗೊತ್ತಿಲ್ಲವೆಂದು ಯಾರೂ ತಿಳಿಯುವುದಿಲ್ಲ, ಪ್ರಯಾಣಿಕ ದಡ್ಡನೆಂದು ಚಾಲಕನೂ ತಿಳಿಯುವುದಿಲ್ಲ. ದಾರಿ ಕೇಳುವುದು, ದಾರಿ ಹೇಳುವುದು ಈ ಊರಿನಲ್ಲಿ ಉಸಿರಾಟದಷ್ಟೇ ಸಹಜ. ಆದರೆ ಇದೇ ಊರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಹುಡುಗ ಹುಡುಗಿಯರು ಒಂದು ಸಾಫ್ಟ್‌ವೇರ್ ಕೈಕೊಟ್ಟಾಗ ಬಾಯಿ ಬಿಟ್ಟು ಕೇಳಲು ಹಿಂಜರಿಯುತ್ತಾರೆ. ಕೇಳಿದರೂ ‘ಯಾವ ಆವೃತ್ತಿ? ಏನು ಮಾಡುವಾಗ ಹೀಗಾಯಿತು?’ ಎಂಬ ಮರುಪ್ರಶ್ನೆ ಬಂದರೆ ತಮ್ಮನ್ನು ಗದರಿದರೆಂದು ಸುಮ್ಮನಾಗುತ್ತಾರೆ. ಆ ಮರುಪ್ರಶ್ನೆ ಆಟೊ ಚಾಲಕನ ಪ್ರಶ್ನೆಯೇ ಹೊರತು ಬೇರೇನಲ್ಲ. ಇದನ್ನು ತಿಳಿಯಲು ಪಿ.ಜೆ. ಬಡಾವಣೆಯಲ್ಲಿ ಒಂದು ಸುತ್ತು, ಹರಿಹರದವರೆಗೆ ಒಂದು ಪಯಣ ಸಾಕು.

ಇನಿಷಿಯಲ್‌ಗಳ ಊರು

ದಾವಣಗೆರೆ ಇನಿಷಿಯಲ್‌ಗಳ ಊರು. ಪಿ.ಜೆ. ಬಡಾವಣೆಯ ಸುತ್ತಮುತ್ತ ಎಂ.ಸಿ.ಸಿ. ಬ್ಲಾಕುಗಳು, ಕೆ.ಟಿ.ಜೆ. ನಗರ, ಕೆ.ಬಿ. ಬಡಾವಣೆ, ಎಸ್.ಎಸ್. ಬಡಾವಣೆ. ಊರಿನ ನಡುವೆ ಹಾದುಹೋಗುವ ಪಿ.ಬಿ. ರಸ್ತೆ ಎಂದರೆ ಹಳೆಯ ಪುಣೆ–ಬೆಂಗಳೂರು ರಸ್ತೆ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಊರು ಕರೆಸಿಕೊಂಡ ಕಾಲದ ನೆನಪಾಗಿ ಡಿ.ಸಿ.ಎಂ. ಎಂಬ ಹೆಸರು ಉಳಿದಿದೆ. ಅದು ದಾವಣಗೆರೆ ಕಾಟನ್ ಮಿಲ್. ಹಳೆಯ ಹತ್ತಿ ಮಿಲ್ಲುಗಳ ಕಾಲ ಮುಗಿದರೂ ಮೂರು ಅಕ್ಷರ ಅಳಿಸಿಲ್ಲ. ಸಿ.ಜಿ. ಆಸ್ಪತ್ರೆ ಎಂದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಊರಿನವರಿಗೆ ಈ ಅಕ್ಷರಗಳೇ ಸಾಕು. ಪೂರ್ಣ ಹೆಸರು ಹೇಳಿದರೆ ಅವರೇ ಒಂದು ಕ್ಷಣ ತಡವರಿಸುತ್ತಾರೆ.

ಆದರೆ ಯಂತ್ರದ ಪಾಡು ಬೇರೆ. ‘ಪಿ.ಜೆ. ಬಡಾವಣೆ’, ‘ಪಿಜೆ ಬಡಾವಣೆ’, ‘ಪಿ ಜೆ ಎಕ್ಸ್‌ಟೆನ್ಷನ್’ ಎಂಬ ಮೂರೂ ಒಂದೇ ಜಾಗವೆಂದು ಐದು ವರ್ಷದ ಮಗುವಿಗೂ ಗೊತ್ತು. ಗಣಕಯಂತ್ರದ ಕಣ್ಣಿಗೆ ನಡುವಿನ ಒಂದು ಚುಕ್ಕಿ, ಒಂದು ಖಾಲಿ ಜಾಗ ಕೂಡ ಬೇರೆ ಬೇರೆ ಅಕ್ಷರಗಳೇ. ಯಾರಾದರೂ ಮೊದಲೇ ಹೇಳಿಕೊಟ್ಟಿರದಿದ್ದರೆ ಮೂರೂ ಬೇರೆ ಬೇರೆ ಊರುಗಳೇ.

ಊರಿನ ಹೆಸರಿನಲ್ಲೇ ಈ ತೊಡಕಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹತ್ತಿರ ತಂದಾಗ ಬೆಂಗಳೂರು, ಮೈಸೂರು, ಶಿವಮೊಗ್ಗ, ಬಳ್ಳಾರಿಗಳು ಸರಿಹೋದವು. ದಾವಣಗೆರೆ ಆ ಪಟ್ಟಿಯಲ್ಲಿ ಇರಲಿಲ್ಲ. ಹೀಗಾಗಿ ಇಂಗ್ಲಿಷ್ ಬರಹದಲ್ಲಿ ಊರಿಗೆ ಇಂದಿಗೂ ಎರಡು ಕಾಗುಣಿತ: ‘ಣ’ಕಾರದ ನಂತರ ಸ್ವರ ಇರುವುದೊಂದು, ಇಲ್ಲದ್ದೊಂದು. 2009ರಲ್ಲಿ ಆರಂಭವಾದ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಆ ಸ್ವರ ಇಲ್ಲ. ಕೆಲವು ಕಚೇರಿಗಳ ಫಲಕದಲ್ಲಿ ಇದೆ.

ಜಿಲ್ಲೆಯ ಗಡಿಯೂ ನಿಂತಲ್ಲಿ ನಿಂತಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಹರಪನಹಳ್ಳಿ ಇದರ ತೆಕ್ಕೆಗೆ ಬಂತು. ಆಮೇಲೆ ಅದು ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ರಾಷ್ಟ್ರೀಯ ಹೆದ್ದಾರಿ 4 ಎಂದು ಹಳಬರು ಹೇಳುವ ದಾರಿಗೆ ಇಂದಿನ ಸಂಖ್ಯೆ 48. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆ ಸೇರಿದ ಮೇಲೆ ಬೀದಿಗಳ ಚಹರೆಯೂ ಅಲ್ಲಲ್ಲಿ ಬದಲಾಯಿತು. ಇಷ್ಟೆಲ್ಲ ಬದಲಾವಣೆಯನ್ನು ನಕ್ಷೆಗೆ ತಿಳಿಸುವವರು ಯಾರು?

ಪ್ರಶ್ನೆ ಹಗುರವಾದುದಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ರಾತ್ರಿ ಹೊತ್ತು ರೋಗಿಯನ್ನು ಕರೆತರುವವರು ಇಂದು ದಾರಿ ಕೇಳುವುದು ಕೈಯಲ್ಲಿರುವ ಫೋನನ್ನು. ಬೀದಿಯಲ್ಲಿ ಜನ ಇರುವುದಿಲ್ಲ, ಅಂಗಡಿ ತೆರೆದಿರುವುದಿಲ್ಲ. ಎರಡು ವರ್ಷದ ಹಿಂದೆ ಬೇರೆ ಕ್ರಾಸಿಗೆ ಹೋದ ಆಸ್ಪತ್ರೆಯನ್ನು ನಕ್ಷೆ ಹಳೆಯ ಜಾಗದಲ್ಲೇ ತೋರಿಸುತ್ತಿದ್ದರೆ ಆ ಹತ್ತು ನಿಮಿಷಕ್ಕೆ ಬೆಲೆ ಕಟ್ಟುವವರು ಯಾರು?

ಎಲ್ಲರೂ ಬರೆಯುವ ನಕ್ಷೆ

2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬ ಯುವಕ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ನಕ್ಷೆಯನ್ನು ಆರಂಭಿಸಿದ. ಯಾವ ಕಂಪನಿಯ ಸ್ವತ್ತೂ ಅಲ್ಲದ, ಊರಿನವರೇ ತಮ್ಮೂರಿನ ಬೀದಿಗಳನ್ನು ಬರೆಯುವ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ ಅದು. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಜಗತ್ತಿನ ನಾನಾ ಭಾಗದ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅಲ್ಲಿನ ರಾಜಧಾನಿಯ ಬೀದಿಗಳನ್ನು ಅದರಲ್ಲಿ ಬರೆದರು. ಪರಿಹಾರ ಕಾರ್ಯಕರ್ತರಿಗೆ ಅದೇ ದಾರಿದೀಪವಾಯಿತು. 2018ರ ನವೆಂಬರ್‌ನಲ್ಲಿ ಈ ನಕ್ಷೆಗಾರರ ಏಷ್ಯಾ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ನಕ್ಷೆ ಬರೆಯುವುದು ಕಾನೂನಿಗೆ ವಿರುದ್ಧವಲ್ಲವೇ ಎಂದು ತಂದೆ ತಾಯಂದಿರು ಕೇಳುವುದುಂಟು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿಯಮಗಳನ್ನು ಬಹಳಷ್ಟು ಸಡಿಲಿಸಿದೆ. ಸೂಕ್ಷ್ಮ ಸ್ಥಳಗಳ ಬಗ್ಗೆ ಇರುವ ನಿರ್ಬಂಧಗಳನ್ನು ಮಾತ್ರ ಗೌರವಿಸಬೇಕು.

ಇಂಥ ಯೋಜನೆಗಳನ್ನು ‘ಮುಕ್ತ ತಂತ್ರಾಂಶ’, ‘ಓಪನ್ ಸೋರ್ಸ್’ ಎಂಬ ಹೆಸರುಗಳಿಂದ ಕರೆಯುತ್ತಾರೆ. ಹೋಟೆಲಿನ ಉಪಮೆಯಲ್ಲಿ ಹೇಳುವುದಾದರೆ, ಗಿರಾಕಿ ಅಡುಗೆಮನೆಗೇ ಹೋಗಿ ಹಿಟ್ಟು ರುಬ್ಬುವ ಹದ, ಹೆಂಚಿನ ಕಾವು, ಬೆಣ್ಣೆಯ ಪ್ರಮಾಣ ಎಲ್ಲವನ್ನೂ ನೋಡಬಹುದು. ಬೇಕಾದರೆ ಮನೆಯಲ್ಲಿ ಹಾಗೇ ಮಾಡಬಹುದು, ತಾನೂ ಅಂಥದೊಂದು ಹೋಟೆಲು ತೆರೆಯಬಹುದು. ಆದರೆ ಅಡುಗೆಯವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವವರು. ‘ದೋಸೆ ಸರಿಯಿಲ್ಲ’ ಎಂದು ಕೂಗಿ ಎದ್ದುಹೋದರೆ ಅವರಿಗೆ ತಿಳಿಯುವುದೇನೂ ಇಲ್ಲ. ‘ಹಿಟ್ಟು ಹುಳಿ ಹೆಚ್ಚಾಗಿದೆ, ಬೆಳಿಗ್ಗೆ ಸರಿಯಿತ್ತು, ಸಂಜೆ ಹೀಗಾಗಿದೆ’ ಎಂದರೆ ಉಪಕಾರ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ 2013ರಿಂದ ‘ಟಿಪ್ಪಣಿ’ ಎಂಬ ಸೌಲಭ್ಯವಿದೆ. ನಕ್ಷೆಯನ್ನು ತಿದ್ದಲು ಬಾರದವರೂ ತಪ್ಪಿರುವ ಜಾಗದ ಮೇಲೆ ಗುರುತು ಹಾಕಿ ನಾಲ್ಕು ಸಾಲು ಬರೆಯಬಹುದು. ಬೇರೆ ಎಲ್ಲೋ ಕುಳಿತ ಸ್ವಯಂಸೇವಕ ಅದನ್ನು ಓದಿ, ಬೇಕಾದರೆ ಪ್ರಶ್ನೆ ಕೇಳಿ, ನಕ್ಷೆ ತಿದ್ದಿ ಟಿಪ್ಪಣಿಯನ್ನು ಮುಚ್ಚುತ್ತಾನೆ. ಸರಿಹೋಗಿಲ್ಲವೆಂದರೆ ಮತ್ತೆ ತೆರೆಯಲೂಬಹುದು. ಹೆಸರಿನ ತೊಡಕಿಗೂ ಇಲ್ಲಿ ಪರಿಹಾರವಿದೆ. ಒಂದು ಜಾಗಕ್ಕೆ ಮುಖ್ಯ ಹೆಸರು, ಕನ್ನಡದ ಹೆಸರು, ಹಳೆಯ ಹೆಸರು, ಜನ ಕರೆಯುವ ಇನ್ನೊಂದು ಹೆಸರು – ಇವುಗಳಿಗೆ ಪ್ರತ್ಯೇಕ ಅಂಕಣಗಳಿವೆ. ತುಂಬುವ ಕೈ ಬೇಕು ಅಷ್ಟೆ. ಅದು ಆ ಊರಿನ ಕೈಯೇ ಆಗಿರಬೇಕು. ಬೇರೆ ದೇಶದ ತಜ್ಞ ಎಷ್ಟೇ ಜಾಣನಾದರೂ ರಾಂ ಅಂಡ್ ಕೋ ವೃತ್ತವನ್ನು ಜನ ಏನೆಂದು ಕರೆಯುತ್ತಾರೆಂದು ಹೇಳಬಲ್ಲವರು ಅಲ್ಲಿ ಓಡಾಡುವವರು ಮಾತ್ರ.

ಎರಡು ಬಗೆಯ ದೂರು

ಪಿ.ಜೆ. ಬಡಾವಣೆಯ ಒಂದು ಕ್ರಾಸಿನಲ್ಲಿ ನಿಂತ ಒಬ್ಬ ವಿದ್ಯಾರ್ಥಿನಿಗೆ ನಕ್ಷೆಯಲ್ಲಿ ಒಂದು ತಪ್ಪು ಕಂಡಿತೆಂದು ಇಟ್ಟುಕೊಳ್ಳಿ. ಆಕೆ ಹೀಗೆ ಬರೆಯಬಹುದು: ‘ಈ ನಕ್ಷೆ ಪೂರ್ತಿ ತಪ್ಪು. ಬೇಗ ಸರಿಮಾಡಿ.’ ಓದಿದವರಿಗೆ ಇದರಿಂದ ಆಕೆಯ ಬೇಸರ ತಿಳಿಯುತ್ತದೆ, ತಪ್ಪು ತಿಳಿಯುವುದಿಲ್ಲ. ಅದೇ ವಿದ್ಯಾರ್ಥಿನಿ ಹೀಗೂ ಬರೆಯಬಹುದು: ‘ಈ ಗುರುತಿನಲ್ಲಿ ಔಷಧಿ ಅಂಗಡಿ ಇದೆಯೆಂದು ನಕ್ಷೆ ಹೇಳುತ್ತದೆ. ಈ ಭಾನುವಾರ ಬೆಳಿಗ್ಗೆ ನೋಡಿದಾಗ ಅಲ್ಲಿ ಅಂಗಡಿ ಇರಲಿಲ್ಲ, ಕಟ್ಟಡ ಕೆಡವಲಾಗಿದೆ. ಅದೇ ಹೆಸರಿನ ಅಂಗಡಿ ಮುಂದಿನ ಕ್ರಾಸಿನ ಎಡಬದಿಯ ಮೂಲೆಯಲ್ಲಿದೆ. ಫಲಕವನ್ನು ಕಣ್ಣಾರೆ ಓದಿದ್ದೇನೆ.’

ಎರಡನೆಯದರಲ್ಲಿ ನಾಲ್ಕು ಸಂಗತಿಗಳಿವೆ. ಎಲ್ಲಿ, ಯಾವಾಗ, ಏನಿರಬೇಕಿತ್ತು, ಏನಿದೆ. ಸಾಫ್ಟ್‌ವೇರ್ ದೋಷದ ದೂರಿಗೂ ಇವೇ ನಾಲ್ಕು ಕಂಬಗಳು. ಜೊತೆಗೆ ಒಂದೆರಡು ಸೇರಿಸಬೇಕು: ಯಾವ ಫೋನು ಅಥವಾ ಕಂಪ್ಯೂಟರ್, ತಂತ್ರಾಂಶದ ಯಾವ ಆವೃತ್ತಿ, ಯಾವ ಯಾವ ಹೆಜ್ಜೆ ಇಟ್ಟರೆ ದೋಷ ಮತ್ತೆ ಕಾಣುತ್ತದೆ. ಪರದೆಯ ಮೇಲೆ ಬಂದ ತಪ್ಪಿನ ಸಂದೇಶವನ್ನು ತನ್ನ ಮಾತಿನಲ್ಲಿ ಹೇಳದೆ, ಇದ್ದದ್ದು ಇದ್ದ ಹಾಗೆ ಬರೆಯಬೇಕು. ಒಂದು ದೂರಿನಲ್ಲಿ ಒಂದೇ ದೋಷ ಇರಬೇಕು. ಬರೆಯುವ ಮೊದಲು ಅದೇ ದೂರನ್ನು ಬೇರೆಯವರು ಬರೆದಿದ್ದಾರೆಯೇ ಎಂದು ಹುಡುಕಬೇಕು. ಬರೆದಿದ್ದರೆ ಹೊಸದನ್ನು ತೆರೆಯದೆ, ತನಗೆ ತಿಳಿದ ಹೊಸ ಸಂಗತಿ ಇದ್ದರೆ ಅಲ್ಲೇ ಸೇರಿಸಬೇಕು. 1999ರಲ್ಲಿ ಸೈಮನ್ ಟ್ಯಾಥಮ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ದೋಷದ ವರದಿ ಬರೆಯುವ ಬಗೆ ಕುರಿತು ಬರೆದ ಪ್ರಬಂಧ ಇಂದಿಗೂ ಹಳತಾಗಿಲ್ಲ. ತಪ್ಪನ್ನು ಕಣ್ಣೆದುರು ಮತ್ತೆ ಆಗಿಸಿ ತೋರಿಸುವಂತೆ ಬರೆಯಿರಿ ಎಂಬುದು ಅದರ ಸಾರ.

ಯಾವ ಕಿಟಕಿಯಲ್ಲಿ ದೂರು ಕೊಡಬೇಕೆಂಬುದೂ ಮುಖ್ಯ. ಅಂಗಡಿ ತಪ್ಪು ಜಾಗದಲ್ಲಿದ್ದರೆ ಅದು ನಕ್ಷೆಯ ಮಾಹಿತಿಯ ತಪ್ಪು, ಅದಕ್ಕೆ ಟಿಪ್ಪಣಿ ಸಾಕು. ಮಾಹಿತಿ ಸರಿಯಿದ್ದು ನಕ್ಷೆ ತೋರಿಸುವ ತಂತ್ರಾಂಶವೇ ನಿಂತುಹೋದರೆ ಅದನ್ನು ಬರೆದವರ ಬಳಿಗೆ ಹೋಗಬೇಕು. ಎರಡೂ ಸರಿಯಿದ್ದು ಕನ್ನಡದ ಒತ್ತಕ್ಷರ ಮಾತ್ರ ಒಡೆದು ಕಂಡರೆ ತಪ್ಪು ಅಕ್ಷರವಿನ್ಯಾಸದ್ದು, ಅಂದರೆ ಫಾಂಟಿನದ್ದೋ, ಅಕ್ಷರ ಜೋಡಿಸುವ ಭಾಗದ್ದೋ ಇರಬಹುದು. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಕಿಟಕಿಗೆ ಪಡಿತರ ಚೀಟಿಯ ಅರ್ಜಿ ಕೊಟ್ಟರೆ ಏನಾಗುತ್ತದೆಂದು ತಂದೆ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಸಮಾಧಾನವೆಂದರೆ, ತಪ್ಪು ಕಿಟಕಿಗೆ ಹೋದವರಿಗೆ ಸರಿಯಾದ ಕಿಟಕಿಯನ್ನು ಯಾರಾದರೂ ತೋರಿಸುತ್ತಾರೆ.

ಎರಡು ಎಚ್ಚರಿಕೆಗಳಿವೆ. ಟಿಪ್ಪಣಿಗಳನ್ನು ಜಗತ್ತೇ ಓದಬಹುದಾದ್ದರಿಂದ ಮನೆಯವರ ಹೆಸರು, ಫೋನ್ ಸಂಖ್ಯೆ ಬರೆಯಬಾರದು. ಮತ್ತೊಂದು, ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡಬಾರದು. ಕಾಲು ಸವೆಸಿ ಕಂಡದ್ದನ್ನಷ್ಟೇ ಬರೆಯಬೇಕು. ಪರೀಕ್ಷೆಯ ನೀತಿಯೇ ಇಲ್ಲಿಯದೂ.

ಹರಿಹರದ ಲೇತ್ ಯಂತ್ರ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ಹೋದರೆ ಹರಿಹರ. ತುಂಗಭದ್ರೆಯ ದಡದ ಈ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಇಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗಿದವು. ಕಾರ್ಖಾನೆ ಇಂದು ನಡೆಯುತ್ತಿಲ್ಲ. ಆದರೆ ಆ ತಲೆಮಾರಿನ ಕೆಲಸಗಾರರು ಇರುವ ಮನೆಗಳಲ್ಲಿ ಯಂತ್ರದ ಮಾತು ಇನ್ನೂ ಮುಗಿದಿಲ್ಲ.

ಲೇತ್ ಯಂತ್ರ ಬಲ್ಲವರನ್ನು ಕರೆದು ‘ಯಂತ್ರ ಕೆಟ್ಟಿದೆ’ ಎಂದರೆ ಅವರು ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ, ಮೊದಲು ಪ್ರಶ್ನೆ ಕೇಳುತ್ತಾರೆ. ಸದ್ದು ಎಲ್ಲಿಂದ ಬರುತ್ತಿದೆ? ಯಾವ ವೇಗದಲ್ಲಿ? ಬೇರಿಂಗ್ ಬಿಸಿಯಾಗಿದೆಯೇ? ನಿನ್ನೆ ಏನನ್ನಾದರೂ ಬಿಚ್ಚಿ ಹಾಕಿದಿರಾ? ಕಬ್ಬಿಣಕ್ಕೆ ಮಾತ್ರ ಹೀಗೋ, ಹಿತ್ತಾಳೆಗೂ ಹೀಗೋ? ಐದು ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದ ಹಾಗೆಯೇ. ಇಂಥ ಅಜ್ಜ, ಅಪ್ಪ, ಚಿಕ್ಕಪ್ಪಂದಿರಿರುವ ಮನೆಯ ಹುಡುಗರಿಗೆ ದೋಷದ ವರದಿ ಬರೆಯುವುದನ್ನು ಹೇಳಿಕೊಡಲು ಬೇರೆ ಮೇಷ್ಟ್ರು ಬೇಕಿಲ್ಲ. ಕಂಪ್ಯೂಟರ್ ಗೊತ್ತಿಲ್ಲವೆಂದು ಹಿಂದೆ ಸರಿಯುವ ಹಿರಿಯರಿಗೆ ಈ ವಿದ್ಯೆಯ ಹೃದಯ ಆಗಲೇ ಗೊತ್ತಿದೆ.

ದೋಷಕ್ಕೆ ‘ಬಗ್’, ಅಂದರೆ ಹುಳು, ಎಂಬ ಹೆಸರೂ ಯಂತ್ರಗಳ ಲೋಕದಿಂದಲೇ ಬಂದದ್ದು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನ ‘ಮಾರ್ಕ್ 2’ ಗಣಕದ ಒಳಗೆ ನಿಜವಾದ ಒಂದು ಪತಂಗವೇ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿನವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ವಿವರ ಬರೆದಿಟ್ಟರು. ಹುಳು ಎಂಬ ಮಾತು ಅದಕ್ಕೂ ಹಿಂದಿನಿಂದಲೇ, ಎಡಿಸನ್ನನ ಕಾಲದಿಂದಲೇ, ಎಂಜಿನಿಯರುಗಳ ಬಾಯಲ್ಲಿತ್ತು. ಅವರು ಹುಳುವನ್ನು ಎಸೆದು ಕೈ ತೊಳೆದುಕೊಳ್ಳಲಿಲ್ಲ, ದಿನಾಂಕ ಹಾಕಿ ದಾಖಲೆ ಮಾಡಿದರು. ಗಮನಿಸಬೇಕಾದುದು ಇದನ್ನೇ.

ಕಲ್ಲಿನಲ್ಲಿ ಅಕ್ಷರ, ಯಂತ್ರದಲ್ಲಿ ಅಕ್ಷರ

ಹರಿಹರಕ್ಕೆ ಬಂದವರು ಹರಿಹರೇಶ್ವರನ ಗುಡಿ ನೋಡದೆ ಹೋಗುವುದಿಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 13ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಗುಡಿ ಇದು. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಆವರಣದಲ್ಲಿ ಶಾಸನಗಳಿವೆ. ಶಾಲಾ ಮಕ್ಕಳು ಅವುಗಳ ಮುಂದೆ ನಿಂತು ಗೊತ್ತಿರುವ ಅಕ್ಷರ ಹುಡುಕುತ್ತಾರೆ.

ಹಳಗನ್ನಡದ ಶಾಸನಗಳಲ್ಲಿ ಕಾಣುವ ‘ೞ’ ಎಂಬ ಅಕ್ಷರ ಇಂದಿನ ಬಳಕೆಯಲ್ಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಗಣಕದಲ್ಲಿ ಜಾಗ ಕೊಡಲು ಹೊರಟಿರುವ ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೂ ಒಂದು ಮನೆಯಿದೆ. ಆದರೆ ಮನೆಯ ಬಾಗಿಲಿನ ಫಲಕದಲ್ಲಿ ಬರೆದಿರುವುದು ‘ಫ’ ಎಂದು! ಪಟ್ಟಿ ಮಾಡಿದಾಗ ಆದ ತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮ, ಏಕೆಂದರೆ ಜಗತ್ತಿನ ಎಷ್ಟೋ ತಂತ್ರಾಂಶಗಳು ಆ ಹೆಸರುಗಳನ್ನು ನಂಬಿ ನಡೆಯುತ್ತವೆ. ಆದ್ದರಿಂದ ಫಲಕ ಹಾಗೇ ಉಳಿಯಿತು. ಪಕ್ಕದಲ್ಲಿ ‘ಇದು ತಪ್ಪು ಹೆಸರು, ಸರಿಯಾದ ಹೆಸರು ಇದು’ ಎಂಬ ಅಧಿಕೃತ ತಿದ್ದುಪಡಿ ಸೇರಿತು. ಹಳಗನ್ನಡದ ‘ನಕಾರ ಪೊಲ್ಲು’ ಎಂಬ ಇನ್ನೊಂದು ಅಕ್ಷರ ಪಟ್ಟಿಯಲ್ಲಿ ಇರಲೇ ಇಲ್ಲ. ಅದಕ್ಕೆ 2021ರಲ್ಲಿ ಜಾಗ ಸಿಕ್ಕಿತು. ಯಾರೋ ‘ಇದು ಬಿಟ್ಟುಹೋಗಿದೆ’ ಎಂದು ಆಧಾರ ಸಮೇತ ತೋರಿಸಿಕೊಡದಿದ್ದರೆ ಈ ತಿದ್ದುಪಡಿಗಳಾವುವೂ ಆಗುತ್ತಿರಲಿಲ್ಲ.

ವಿದ್ಯಾರ್ಥಿಗಳಿಗೆ ಹತ್ತಿರದ ಉದಾಹರಣೆ ಬೇಕಿದ್ದರೆ ‘ರ‍್ಯಾಂಕ್’ ಎಂಬ ಪದವೇ ಇದೆ. ‘ರ’, ಅದರ ಕೆಳಗೆ ‘ಯ’ ಒತ್ತು ಎಂದು ಸುಮ್ಮನೆ ಬೆರಳಚ್ಚಿಸಿದರೆ ಗಣಕ ‘ಸೂರ್ಯ’, ‘ಕಾರ್ಯ’ಗಳಲ್ಲಿರುವಂತೆ ಅರ್ಕಾವೊತ್ತು ಹಾಕಿಬಿಡುತ್ತದೆ. ‘ರ‍್ಯಾಂಕ್’ ಎಂದು ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಚಿಹ್ನೆ ಇಡಬೇಕು. ಯಾವುದೋ ತಂತ್ರಾಂಶ ‘ಕಾಣದ್ದು ಬೇಡ’ ಎಂದು ಆ ಚಿಹ್ನೆಯನ್ನು ಅಳಿಸಿದರೆ ರ‍್ಯಾಂಕ್ ಪದ ಕೆಡುತ್ತದೆ. ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ಇದು ಜನ್ಮದಲ್ಲಿ ಕಾಣುವುದಿಲ್ಲ. ಹೇಳಬೇಕಾದವರು ಕನ್ನಡಿಗರೇ.

ಹಾಗೆ ಹೇಳುವ, ಮಾಡುವ ಕನ್ನಡಿಗರಿಗೆ ಬರವಿಲ್ಲ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಕನ್ನಡ ಫಾಂಟುಗಳು ಡೆಬಿಯನ್‌ನಂಥ ಜಾಗತಿಕ ಲಿನಕ್ಸ್ ವ್ಯವಸ್ಥೆಯ ಜೊತೆಗೇ ಸಿಗುತ್ತವೆ. ವಿ. ಕೃಷ್ಣ ಅವರು ದಶಕಗಳ ಕಾಲ ಕುಳಿತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಮುಕ್ತವಾಗಿ ಎಲ್ಲರ ಕೈಗೆ ಬಂತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಇಂಥ ಕೆಲಸಗಳಿಗೆ ಬಳಸುವವರ ಕಣ್ಣುಗಳೇ ಕಾವಲು. ಒಂದು ಕಾಗುಣಿತದ ತಪ್ಪು ತೋರಿಸಿಕೊಟ್ಟ ಪ್ರೌಢಶಾಲೆಯ ಹುಡುಗಿಯೂ ಆ ನಿಘಂಟಿನ ಕೆಲಸಗಾರಳೇ.

ಅಂಗಿಯ ಆಸೆ

ಇಷ್ಟು ಹೇಳಿದ ಮೇಲೆ ಕಹಿಯಾದ ಒಂದು ಸಂಗತಿಯನ್ನೂ ಹೇಳಬೇಕು. ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬುದು ಪ್ರತಿ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶಕ್ಕೆ ನೆರವಾಗುವಂತೆ ಜನರನ್ನು ಹುರಿದುಂಬಿಸುವ ಕಾರ್ಯಕ್ರಮ. ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಉಡುಗೊರೆ ಎಂಬ ಪದ್ಧತಿ ಇತ್ತು. 2020ರಲ್ಲಿ ಅಂಗಿಯ ಆಸೆಗೆ ಸಾವಿರಾರು ಮಂದಿ ಅರ್ಥವಿಲ್ಲದ ತಿದ್ದುಪಡಿಗಳನ್ನು ಕಳಿಸಿದರು. ‘ಅದ್ಭುತ ಯೋಜನೆ’ ಎಂಬ ಎರಡು ಪದ ಸೇರಿಸಿದ್ದೇ ತಿದ್ದುಪಡಿ! ಸಂಬಳವಿಲ್ಲದೆ ದುಡಿಯುವವರು ಆ ಕಸ ಗುಡಿಸುವುದರಲ್ಲೇ ದಿನಗಳನ್ನು ಕಳೆದರು. ಈ ಗದ್ದಲದಲ್ಲಿ ಭಾರತದ ವಿದ್ಯಾರ್ಥಿಗಳ ಹೆಸರೂ ಕೇಳಿಬಂತು. ಸಂಘಟಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಿ, ತಾವಾಗಿ ಒಪ್ಪಿದ ಯೋಜನೆಗಳಿಗಷ್ಟೇ ಕಾರ್ಯಕ್ರಮವನ್ನು ಸೀಮಿತಗೊಳಿಸಬೇಕಾಯಿತು.

ತಂದೆ ತಾಯಂದಿರು ಯೋಚಿಸಬೇಕಾದ ಮಾತು ಇಲ್ಲಿದೆ. ದಾವಣಗೆರೆ ವಿದ್ಯೆಯ ಊರು. 1951ರಿಂದ ಇರುವ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಿಂದ ಇರುವ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಬಂದ ಇನ್ನೂ ಕೆಲವು ಕಾಲೇಜುಗಳಿಗೆ ದೂರದ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಮೆಕ್ಕೆಜೋಳ, ಅಡಿಕೆ, ಭತ್ತ ಮಾರಿದ ಹಣ ಶುಲ್ಕವಾಗುತ್ತದೆ. ಮಗ ಅಥವಾ ಮಗಳು ಸರ್ಟಿಫಿಕೇಟ್ ತಂದರೆ ಮನೆಯಲ್ಲಿ ಹಬ್ಬ. ಆದರೆ ‘ಎಷ್ಟು ಸರ್ಟಿಫಿಕೇಟ್ ಬಂತು?’ ಎಂದಷ್ಟೇ ಕೇಳುವ ಮನೆಯಲ್ಲಿ ಅಂಗಿಯ ಆಸೆಗೆ ಕಸ ಕಳಿಸುವ ಮಕ್ಕಳು ಬೆಳೆಯುತ್ತಾರೆ. ‘ಈ ವಾರ ಯಾವ ತಪ್ಪು ಕಂಡುಹಿಡಿದೆ? ಯಾರಿಗೆ ಹೇಳಿದೆ? ಅವರು ಏನು ಕೇಳಿದರು?’ ಎಂದು ಕೇಳುವ ಮನೆಯ ಮಕ್ಕಳು ಬೇರೆ ರೀತಿ ಬೆಳೆಯುತ್ತಾರೆ. ಈ ಶಾಲೆಗೆ ಶುಲ್ಕವಿಲ್ಲ, ಸೀಟು ಹಂಚಿಕೆಯಿಲ್ಲ. ಬರೆದ ದೂರು, ನಡೆದ ಚರ್ಚೆ, ಆದ ತಿದ್ದುಪಡಿ ದಿನಾಂಕ ಸಮೇತ ಉಳಿದಿರುತ್ತದೆ. ಮುಂದೆ ಕೆಲಸ ಕೊಡುವವರು ಅದನ್ನು ಓದ ಬಯಸಿದರೆ ಓದಬಹುದು.

ಇಂಗ್ಲಿಷ್ ಬಾರದೆಂಬ ಅಳುಕು ಕನ್ನಡ ಮಾಧ್ಯಮದ ಮಕ್ಕಳನ್ನು ಕಾಡುತ್ತದೆ. ದೋಷದ ವರದಿಗೆ ಅಲಂಕಾರದ ಭಾಷೆ ಬೇಡ. ಒಂದು, ಎರಡು, ಮೂರು ಎಂದು ಹೆಜ್ಜೆಗಳನ್ನು ಸಣ್ಣ ವಾಕ್ಯಗಳಲ್ಲಿ ಬರೆದು ಪರದೆಯ ಚಿತ್ರ ಸೇರಿಸಿದರೆ ಸಾಕು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕೆ ಬರೆಯುತ್ತಿದ್ದ ತಂತ್ರಾಂಶದ ಬಗ್ಗೆ ಅಪರಿಚಿತರ ಸಲಹೆ ಕೇಳಿ ಪತ್ರ ಬರೆದ. ಇಂಗ್ಲಿಷ್ ಅವನ ಮನೆಮಾತಲ್ಲ. ಆ ಕೋರಿಕೆಯ ಹಿಂದಿದ್ದ ತಂತ್ರಾಂಶವೇ ಲಿನಕ್ಸ್. ಇಂದು ಪಿ.ಜೆ. ಬಡಾವಣೆಯ ಯಾವುದೇ ಆಂಡ್ರಾಯ್ಡ್ ಫೋನಿನ ಹೊಟ್ಟೆಯೊಳಗೂ ಅದು ಇದೆ.

ಅರ್ಧ ಸೆಕೆಂಡಿನ ಕಥೆ

‘ಇಷ್ಟು ಸಣ್ಣದನ್ನು ಯಾಕೆ ಹೇಳಬೇಕು?’ ಎನ್ನುವವರಿಗೆ 2024ರ ಮಾರ್ಚ್ ತಿಂಗಳ ಒಂದು ಕಥೆಯಿದೆ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್‌ಗೆ ತನ್ನ ಗಣಕದೊಳಗೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎನ್ನಿಸಿತು. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಆತ ಬೆನ್ನು ಹತ್ತಿದ. ‘ಎಕ್ಸ್‌ಝಡ್’ ಎಂಬ, ಜಗತ್ತಿನ ಅಸಂಖ್ಯ ಸರ್ವರ್‌ಗಳು ಬಳಸುವ ಒಂದು ಸಣ್ಣ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಕೊರೆದಿಟ್ಟಿದ್ದು ಹೊರಬಂತು. ಅದು ಎಲ್ಲೆಡೆ ಹರಡುವ ಮುನ್ನವೇ ಸಿಕ್ಕಿಬಿತ್ತು.

ಕಥೆಯ ಇನ್ನೊಂದು ಮುಖ ಹೆಚ್ಚು ಮನಕಲಕುವಂಥದು. ಆ ತಂತ್ರಾಂಶವನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಒಬ್ಬರೇ ಸ್ವಯಂಸೇವಕರು. ಅವರು ದಣಿದಿದ್ದರು. ಅಪರಿಚಿತ ಹೆಸರುಗಳಿಂದ ‘ಯಾಕಿಷ್ಟು ತಡ, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡದ ಪತ್ರಗಳು ಬಂದವು. ಆ ಹೊತ್ತಿಗೆ ಸಹಾಯಕನ ವೇಷದಲ್ಲಿ ಬಂದು ವರ್ಷಗಟ್ಟಲೆ ನಂಬಿಕೆ ಗಳಿಸಿದವನೇ ಕಳ್ಳಬಾಗಿಲು ಇಟ್ಟವನು. ಕೇಳುವ ದನಿ ಒರಟಾದರೆ ಎಂಥ ಅನಾಹುತಕ್ಕೆ ದಾರಿಯಾದೀತೆಂಬುದಕ್ಕೆ ಬೇರೆ ನಿದರ್ಶನ ಬೇಡ. ಉತ್ತರ ಎರಡು ವಾರ ತಡವಾದರೆ ನೆನಪಿಸಬಹುದು, ಗದರಬಾರದು. ‘ಇದನ್ನು ಸರಿಪಡಿಸಲಾಗದು’ ಎಂದರೆ ಕಾರಣ ಕೇಳಬಹುದು, ಜಗಳ ಕಾಯಬಾರದು. ಕಳ್ಳರಿಗೆ ಅನುಕೂಲವಾಗುವಂಥ ಭದ್ರತೆಯ ದೋಷ ಕಂಡರೆ ಎಲ್ಲರೂ ಓದುವಲ್ಲಿ ಬರೆಯದೆ, ಆ ಯೋಜನೆಯವರು ಅದಕ್ಕೆಂದೇ ಇಟ್ಟಿರುವ ಖಾಸಗಿ ವಿಳಾಸಕ್ಕೆ ತಿಳಿಸಬೇಕು. ಪಕ್ಕದ ಮನೆಯ ಬೀಗ ಸಡಿಲವಾಗಿದ್ದರೆ ಬೀದಿಯಲ್ಲಿ ನಿಂತು ಕೂಗುವವರುಂಟೇ?

ಸಂಜೆ ಹರಿಹರದಿಂದ ಬಸ್ಸಿನಲ್ಲಿ ಮರಳಿದವರಿಗೆ ದಾವಣಗೆರೆ ಮಂಡಕ್ಕಿ, ಮಿರ್ಚಿಯ ವಾಸನೆಯಿಂದ ಸ್ವಾಗತ ಹೇಳುತ್ತದೆ. ಪಿ.ಜೆ. ಬಡಾವಣೆಯ ಕ್ಲಿನಿಕ್ಕುಗಳ ಮುಂದೆ ಹಳ್ಳಿಯಿಂದ ಬಂದವರು ಚೀಟಿ ಹಿಡಿದು ನಿಂತಿರುತ್ತಾರೆ. ಯಾರೋ ಒಬ್ಬ ಅಜ್ಜಿ ಕಾಲೇಜು ಹುಡುಗನನ್ನು ನಿಲ್ಲಿಸಿ ‘ಈ ಡಾಕ್ಟ್ರು ಎಲ್ಲಿ ಬರ್ತಾರಪ್ಪಾ?’ ಎಂದು ಕೇಳುತ್ತಾಳೆ. ಅವನು ಚೀಟಿ ಓದಿ, ‘ಅವ್ರು ಇಲ್ಲಿಲ್ಲಜ್ಜಿ, ಮುಂದಿನ ಕ್ರಾಸಿಗೆ ಹೋಗ್ಯಾರ, ಬಾ ತೋರಿಸ್ತೀನಿ’ ಎಂದು ನಾಲ್ಕು ಹೆಜ್ಜೆ ಜೊತೆಗೆ ನಡೆಯುತ್ತಾನೆ. ಅಜ್ಜಿಯನ್ನು ಬಾಗಿಲು ಮುಟ್ಟಿಸಿದ ಮೇಲೆ ಅದೇ ಹುಡುಗ ಜೇಬಿನಿಂದ ಫೋನು ತೆಗೆದು, ನಕ್ಷೆಯಲ್ಲಿ ಹಳೆಯ ಜಾಗದ ಮೇಲೆ ಗುರುತು ಹಾಕಿ ನಾಲ್ಕು ಸಾಲು ಬರೆದರೆ ನಾಳೆ ರಾತ್ರಿ ಬರುವ ಇನ್ನೊಬ್ಬ ಅಜ್ಜಿಗೂ ದಾರಿ ತೋರಿಸಿದಂತಾಗುತ್ತದೆ.